ಡರ್ಬಿಯಿಂದ ಹಿಂದಿರುಗದೇ ಇದ್ದಿದ್ದರೆ?

1745ರ ಡಿಸೆಂಬರ್ 5. ಇಂಗ್ಲೆಂಡಿನ ನಡುಭಾಗದಲ್ಲಿರುವ ಡರ್ಬಿ ಎಂಬ ಪಟ್ಟಣದ ಒಂದು ದೊಡ್ಡ ಮನೆಯಲ್ಲಿ ಹತ್ತಾರು ಮಂದಿ ಸೇರಿ ಬೆಳಗಿನಿಂದ ವಾದ ಮಾಡುತ್ತಿದ್ದರು. ಅವರ ನಡುವೆ ಇನ್ನೂ ಇಪ್ಪತ್ತೈದು ತುಂಬದ ಒಬ್ಬ ರಾಜಕುಮಾರ. ಹೆಸರು ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್. ಹುಟ್ಟಿದ್ದು ರೋಮ್ ನಗರದಲ್ಲಿ. ಇಂಗ್ಲೆಂಡಿನ ನೆಲವನ್ನು ಅವನು ಮೊದಲ ಬಾರಿ ತುಳಿದು ಒಂದು ತಿಂಗಳಾಗಿತ್ತು ಅಷ್ಟೆ. ಆದರೆ ಲಂಡನ್ನಿನ ಸಿಂಹಾಸನ ತನ್ನ ತಂದೆಗೆ ಸೇರಬೇಕಾದದ್ದು ಎಂದು ಅವನು ಐದು ಸಾವಿರದಷ್ಟು ಸೈನಿಕರೊಡನೆ ಅಲ್ಲಿಯವರೆಗೆ ಬಂದಿದ್ದ. ಲಂಡನ್ ಉಳಿದಿದ್ದದ್ದು ಸುಮಾರು 200 ಕಿಲೋಮೀಟರ್ ದೂರ. ಅವನ ಮುಂಚೂಣಿಯ ಪಡೆ ಡರ್ಬಿಯಿಂದಲೂ ಮುಂದೆ ಹೋಗಿ ಟ್ರೆಂಟ್ ನದಿಯ ಸ್ವಾರ್ಕ್‌ಸ್ಟನ್ ಸೇತುವೆಯನ್ನು ಹಿಡಿದು ಕುಳಿತಿತ್ತು.

ಸಭೆಯ ತೀರ್ಮಾನ ಒಂದೇ ಮಾತಿನದು: ಹಿಂದಿರುಗುವುದು. ರಾಜಕುಮಾರ ಕೋಪಗೊಂಡ, ಬೇಡಿಕೊಂಡ, ಮುನಿಸಿಕೊಂಡ. ಯಾವುದೂ ನಡೆಯಲಿಲ್ಲ. ಮರುದಿನ ಬೆಳಗಿನ ಕತ್ತಲೆಯಲ್ಲಿ ಸೈನ್ಯ ಬಂದ ದಾರಿಯಲ್ಲೇ ಉತ್ತರಕ್ಕೆ ಮುಖ ಮಾಡಿತು. ಬೆಳಕು ಹರಿದು ಗುರುತಿನ ಮರಗಿಡ, ಮನೆಗಳು ಕಂಡಾಗಲೇ ಸಾಮಾನ್ಯ ಸೈನಿಕರಿಗೆ ತಾವು ಲಂಡನ್ನಿಗೆ ಹೋಗುತ್ತಿಲ್ಲವೆಂಬುದು ತಿಳಿದದ್ದು.

ಆ ಸೈನ್ಯ ಹಿಂದಿರುಗದೆ ಮುಂದೆ ಹೋಗಿದ್ದರೆ? ಎರಡೂ ಮುಕ್ಕಾಲು ಶತಮಾನಗಳಿಂದ ಇತಿಹಾಸಪ್ರಿಯರನ್ನು ಕಾಡುತ್ತಿರುವ ಪ್ರಶ್ನೆ ಇದು. ಚಾರ್ಲ್ಸ್ ಪೆಟ್ರಿ ಎಂಬ ಇತಿಹಾಸಕಾರ 1926ರಲ್ಲಿ ಸ್ಟುವರ್ಟರು ಗೆದ್ದಂತೆಯೇ ಒಂದು ಕಲ್ಪನೆಯ ಇತಿಹಾಸ ಬರೆದ. ಜೋನ್ ಐಕನ್ ಎಂಬ ಲೇಖಕಿ 1962ರಲ್ಲಿ ಆರಂಭಿಸಿದ ಮಕ್ಕಳ ಕಾದಂಬರಿಗಳ ಮಾಲೆಯಲ್ಲಿ ಇಂಗ್ಲೆಂಡನ್ನು ಆಳುವವನು ಸ್ಟುವರ್ಟ್ ವಂಶದ ಮೂರನೆಯ ಜೇಮ್ಸ್. ಒಳಸಂಚು ಹೂಡುವವರು ಹ್ಯಾನೋವರ್ ಪಕ್ಷದವರು! ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂದು ಇಂಥ ಪ್ರಶ್ನೆಗಳನ್ನು ತಳ್ಳಿಹಾಕುವವರೂ ಇದ್ದಾರೆ. ಆದರೆ ಸ್ವಲ್ಪ ಲೆಕ್ಕಾಚಾರದಿಂದ ನೋಡಿದರೆ ಈ ಪ್ರಶ್ನೆಯಿಂದ ಕಲಿಯುವುದು ಬಹಳ ಇದೆ.

ಸಿಂಹಾಸನ ಕಳೆದುಕೊಂಡ ಕಥೆ

ಮೊದಲು ಈ ವಂಶ ಪಟ್ಟ ಕಳೆದುಕೊಂಡದ್ದು ಹೇಗೆಂಬುದನ್ನು ನೋಡಬೇಕು. 1685ರಲ್ಲಿ ಎರಡನೆಯ ಜೇಮ್ಸ್ ಪಟ್ಟಕ್ಕೆ ಬಂದಾಗ ಅವನು ಕ್ಯಾಥೊಲಿಕ್ ಎಂಬುದು ಎಲ್ಲರಿಗೂ ಗೊತ್ತಿತ್ತು. ಪ್ರಜೆಗಳಲ್ಲಿ ಬಹುಪಾಲು ಪ್ರಾಟೆಸ್ಟಂಟರು. ಆದರೂ ಅವನನ್ನು ಒಪ್ಪಿಕೊಂಡರು. ಏಕೆಂದರೆ ಅವನಿಗೆ ವಯಸ್ಸಾಗಿತ್ತು, ಗಂಡುಮಕ್ಕಳಿರಲಿಲ್ಲ. ಮೇರಿ ಮತ್ತು ಆನ್ ಎಂಬ ಇಬ್ಬರು ಹೆಣ್ಣುಮಕ್ಕಳೂ ಪ್ರಾಟೆಸ್ಟಂಟರೇ. ಇವನ ಕಾಲ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಜನರ ಎಣಿಕೆ.

ಆದರೆ ಜೇಮ್ಸನಿಗೆ ತಾಳ್ಮೆಯಿರಲಿಲ್ಲ. ಪಾರ್ಲಿಮೆಂಟಿನ ಕಾನೂನುಗಳನ್ನು ತನ್ನ ಅಧಿಕಾರದಿಂದಲೇ ಬದಿಗಿಟ್ಟು ಕ್ಯಾಥೊಲಿಕರಿಗೆ ಸೈನ್ಯದಲ್ಲೂ ಆಡಳಿತದಲ್ಲೂ ಸ್ಥಾನ ಕೊಟ್ಟ. ತನ್ನ ಘೋಷಣೆಯನ್ನು ಚರ್ಚುಗಳಲ್ಲಿ ಓದಿಸಲು ಒಪ್ಪದ ಏಳು ಮಂದಿ ಬಿಷಪ್‌ಗಳ ಮೇಲೆ ಮೊಕದ್ದಮೆ ಹೂಡಿದ. ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಅದೇ 1685ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಪ್ರಾಟೆಸ್ಟಂಟ್ ಪ್ರಜೆಗಳಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದ್ದ. ಅಲ್ಲಿಂದ ಓಡಿಬಂದ ನಿರಾಶ್ರಿತರು ಇಂಗ್ಲೆಂಡಿನ ಬೀದಿಗಳಲ್ಲಿದ್ದರು. ಅಲ್ಲಿ ಆದದ್ದೇ ನಾಳೆ ಇಲ್ಲಿಯೂ ಆಗುತ್ತದೆ ಎಂಬ ಭೀತಿಗೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ.

1688ರ ಜೂನ್ 10ರಂದು ಜೇಮ್ಸನಿಗೆ ಗಂಡುಮಗು ಹುಟ್ಟಿತು. ಇನ್ನು ಮುಂದೆಯೂ ಕ್ಯಾಥೊಲಿಕ್ ರಾಜರೇ ಎಂದಾಯಿತು. ಮಗು ರಾಣಿಯದಲ್ಲ, ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಬಾಣಲೆಯಲ್ಲಿ ಅಡಗಿಸಿ ತಂದದ್ದು ಎಂಬ ವದಂತಿಯೂ ಹುಟ್ಟಿತು. ನವೆಂಬರಿನಲ್ಲಿ ಜೇಮ್ಸನ ಅಳಿಯ, ಹಾಲೆಂಡಿನ ವಿಲಿಯಂ, ಸೈನ್ಯದೊಡನೆ ಬಂದಿಳಿದ. ಜೇಮ್ಸ್ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಫ್ರಾನ್ಸಿಗೆ ಓಡಿಹೋದ. 1701ರಲ್ಲಿ ಪಾರ್ಲಿಮೆಂಟು ಕ್ಯಾಥೊಲಿಕರು ಪಟ್ಟವೇರಕೂಡದೆಂದು ಕಾನೂನು ಮಾಡಿತು. 1714ರಲ್ಲಿ ಆನ್ ರಾಣಿ ತೀರಿಕೊಂಡಾಗ, ರಕ್ತಸಂಬಂಧದಲ್ಲಿ ಹೆಚ್ಚು ಹತ್ತಿರವಿದ್ದ ಐವತ್ತಕ್ಕೂ ಹೆಚ್ಚು ಕ್ಯಾಥೊಲಿಕರನ್ನು ದಾಟಿ, ಜರ್ಮನಿಯ ಹ್ಯಾನೋವರಿನಿಂದ ಜಾರ್ಜ್ ಎಂಬವನನ್ನು ಕರೆತಂದು ಕೂರಿಸಿದರು.

ಜೇಮ್ಸ್ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಜಾಕೊಬಸ್. ಆದ್ದರಿಂದ ಓಡಿಹೋದ ರಾಜನ ಪಕ್ಷದವರಿಗೆ 'ಜಾಕೊಬೈಟರು' ಎಂಬ ಹೆಸರು ಬಂತು. ಬಾಣಲೆಯ ವದಂತಿಗೆ ಕಾರಣನಾದ ಆ ಮಗುವೇ ಮುಂದೆ 'ಮೂರನೆಯ ಜೇಮ್ಸ್' ಎನಿಸಿಕೊಂಡು ಪೋಪರ ಆಶ್ರಯದಲ್ಲಿ ರೋಮಿನಲ್ಲಿ ನೆಲೆಸಿದ. ಡರ್ಬಿಯವರೆಗೆ ಬಂದ ಚಾರ್ಲ್ಸ್ ಅವನ ಹಿರಿಯ ಮಗ.

ಡರ್ಬಿಯ ಲೆಕ್ಕ

ಚಾರ್ಲ್ಸ್ 1745ರ ಜುಲೈಯಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಒಂದು ಪುಟ್ಟ ದ್ವೀಪಕ್ಕೆ ಬಂದಿಳಿದಾಗ ಅವನ ಜೊತೆಗಿದ್ದ ಪ್ರಮುಖರು ಏಳೇ ಮಂದಿ. ಆಗಸ್ಟ್ 19ರಂದು ಗ್ಲೆನ್‌ಫಿನನ್ ಎಂಬಲ್ಲಿ ಬಾವುಟ ಏರಿಸಿದ. ಹೈಲ್ಯಾಂಡಿನ, ಅಂದರೆ ಉತ್ತರದ ಬೆಟ್ಟಸೀಮೆಯ ಕುಲದವರು ಬಂದು ಸೇರಿಕೊಂಡರು. ಒಂದು ತಿಂಗಳಲ್ಲಿ ಎಡಿನ್‌ಬರೋ ಕೈಸೇರಿತು. ಪ್ರೆಸ್ಟನ್‌ಪ್ಯಾನ್ಸ್‌ನಲ್ಲಿ ಸರ್ಕಾರಿ ಸೈನ್ಯ ಹದಿನೈದು ನಿಮಿಷವೂ ನಿಲ್ಲದೆ ಚದುರಿತು. ಬ್ರಿಟನ್ನಿನ ಉತ್ತಮ ಸೈನ್ಯವೆಲ್ಲ ಆಗ ಯೂರೋಪಿನಲ್ಲಿ ಫ್ರಾನ್ಸಿನೊಡನೆ ಹೋರಾಡುತ್ತಿತ್ತು. ಅದನ್ನು ಅವಸರದಿಂದ ಹಿಂದಕ್ಕೆ ಕರೆಸಬೇಕಾಯಿತು.

ಡರ್ಬಿಯ ಸಭೆಯಲ್ಲಿ ಹಿಂದಿರುಗಬೇಕೆಂದು ವಾದಿಸಿದವನು ಲಾರ್ಡ್ ಜಾರ್ಜ್ ಮರ್ರೆ. ಅವನು ಹೇಡಿಯಲ್ಲ, ಆ ಸೈನ್ಯದ ಅತ್ಯುತ್ತಮ ಸೇನಾನಿ. ಶತ್ರುವಾದ ಕಂಬರ್ಲೆಂಡನನ್ನು ಪಶ್ಚಿಮದ ಕಡೆಗೆ ಎಳೆದು, ಲಂಡನ್ನಿನ ದಾರಿಯನ್ನು ತೆರೆದವನೂ ಅವನೇ. ಅವನ ಪ್ರಶ್ನೆಗಳು ಮೂರು. ಇಂಗ್ಲೆಂಡಿನಲ್ಲಿ ಎದ್ದು ಬರುತ್ತಾರೆಂದ ಜಾಕೊಬೈಟರು ಎಲ್ಲಿ? ಮ್ಯಾಂಚೆಸ್ಟರಿನಲ್ಲಿ ಸೇರಿದ ಕೆಲವು ನೂರು ಮಂದಿ ಬಿಟ್ಟರೆ ಯಾರೂ ಬಂದಿರಲಿಲ್ಲ. ಅವರಿಂದ ಪತ್ರಗಳಾದರೂ ಇವೆಯೇ? ಇಲ್ಲವೆಂದು ಚಾರ್ಲ್ಸ್ ಒಪ್ಪಿಕೊಳ್ಳಬೇಕಾಯಿತು. ಫ್ರಾನ್ಸಿನ ಸೈನ್ಯ ಎಂದು ಬರುತ್ತದೆ? ಅದಕ್ಕೂ ನಿಶ್ಚಿತ ಉತ್ತರವಿರಲಿಲ್ಲ. ಕಂಬರ್ಲೆಂಡ್ ಒಂದು ಕಡೆ, ವೇಡ್ ಇನ್ನೊಂದು ಕಡೆ. ಇವರ ಜೊತೆಗೆ ಮುಂದೆ ಮೂರನೆಯ ಸೈನ್ಯವೊಂದಿದೆ ಎಂದು ಡಡ್ಲಿ ಬ್ರಾಡ್‌ಸ್ಟ್ರೀಟ್ ಎಂಬವನು ಹೇಳಿದ. ಅವನು ಸರ್ಕಾರದ ಗೂಢಚಾರ. ಅವನು ಹೇಳಿದ ಒಂಬತ್ತು ಸಾವಿರ ಜನರ ಸೈನ್ಯ ಅಲ್ಲಿರಲೇ ಇಲ್ಲ.

ಅತ್ತ ಲಂಡನ್ನಿನಲ್ಲಿ ಡಿಸೆಂಬರ್ 6ರ ಶುಕ್ರವಾರ ಸುದ್ದಿ ತಿಳಿದು ಗಾಬರಿ ಎದ್ದಿತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಮುಂದೆ ನೋಟು ಹಿಡಿದು ನಾಣ್ಯ ಕೇಳುವವರ ಗುಂಪು. ಸಮಯ ನೂಕಲು ಬ್ಯಾಂಕು ಚಿಲ್ಲರೆ ಆರು ಪೆನ್ಸ್ ನಾಣ್ಯಗಳನ್ನೇ ಎಣಿಸಿ ಕೊಟ್ಟಿತೆಂಬ ಕಥೆಯಿದೆ. ಸ್ವಾರಸ್ಯವೆಂದರೆ, ಲಂಡನ್ ನಡುಗುತ್ತಿದ್ದ ಅದೇ ದಿನ ಅದನ್ನು ನಡುಗಿಸಿದವರು ಬೆನ್ನು ತಿರುಗಿಸಿ ನಡೆಯುತ್ತಿದ್ದರು. ಕಾರಿನ ಯುಗವಲ್ಲ, ತಂತಿಯ ಯುಗವೂ ಅಲ್ಲ. ಸುದ್ದಿ ಕುದುರೆಯ ವೇಗದಲ್ಲಿ ಓಡುತ್ತಿದ್ದ ಕಾಲ ಅದು.

ಇಷ್ಟನ್ನು ನೋಡಿ, ಮುಂದೆ ಹೋಗಿದ್ದರೆ ಗೆಲುವು ಖಚಿತ ಎನ್ನುವವರಿದ್ದಾರೆ. ಆದರೆ ಪ್ರಯೋಗಶಾಲೆಯಲ್ಲಾದರೆ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಟ್ಟು, ಪ್ರಯೋಗವನ್ನು ಮತ್ತೆ ಮತ್ತೆ ಮಾಡಬಹುದು. ಇತಿಹಾಸದ ಪ್ರಯೋಗ ನಡೆಯುವುದು ಒಂದೇ ಸಲ. ಉಳಿಯುವ ದಾರಿ ಸಂಭವನೀಯತೆಯ ಲೆಕ್ಕ. ಸ್ಟುವರ್ಟರು ಪಟ್ಟಕ್ಕೆ ಬರಬೇಕಾದರೆ ಐದು ಸಂಗತಿಗಳು ಒಂದರ ಹಿಂದೊಂದು ನಡೆಯಬೇಕಿತ್ತು. ಲಂಡನ್ನಿನ ಮುಂದೆ ಫಿಂಚ್‌ಲಿಯಲ್ಲಿ ಸೇರುತ್ತಿದ್ದ ಪಡೆಯನ್ನು ದಾಟಬೇಕು. ನಗರ ಹೋರಾಡದೆ ಬಾಗಿಲು ತೆರೆಯಬೇಕು. ಹಿಂದಿನಿಂದ ಬರುವ ಕಂಬರ್ಲೆಂಡನ ಸೈನ್ಯ ಎದೆಗುಂದಬೇಕು. ಕಡಲಿನಲ್ಲಿ ಕಾಯುತ್ತಿದ್ದ ಬ್ರಿಟಿಷ್ ನೌಕಾಪಡೆಯ ಕಣ್ಣು ತಪ್ಪಿಸಿ ಫ್ರೆಂಚರು ಇಳಿಯಬೇಕು. ಕೊನೆಗೆ ಪಾರ್ಲಿಮೆಂಟು ಒಪ್ಪಬೇಕು. ಒಂದೊಂದಕ್ಕೂ ಧಾರಾಳವಾಗಿ ನೂರರಲ್ಲಿ ಎಪ್ಪತ್ತರಷ್ಟು ಅವಕಾಶ ಕೊಡೋಣ. 0.7ನ್ನು ಐದು ಬಾರಿ ಗುಣಿಸಿದರೆ ಬರುವುದು ಸುಮಾರು 0.17. ಅಂದರೆ ಬಿಡಿಬಿಡಿಯಾಗಿ ಎಲ್ಲವೂ ನಡೆಯುವಂಥದೇ ಎನಿಸಿದರೂ, ಒಟ್ಟಿಗೆ ನೋಡಿದಾಗ ಆರರಲ್ಲಿ ಒಂದು ಪಾಲು. ಒಂದು ಸಂಗತಿ ನಡೆದರೆ ಮುಂದಿನದು ಸುಲಭವಾಗಬಹುದು, ಆಗ ಸಂಖ್ಯೆ ಸ್ವಲ್ಪ ಮೇಲೇರಬಹುದು ಎಂಬುದು ನಿಜ. ಆದರೂ ಮರ್ರೆಯ ಹೆದರಿಕೆ ಹುಚ್ಚು ಹೆದರಿಕೆಯಲ್ಲ. ಚಾರ್ಲ್ಸನ ಹಟವೂ ಹುಚ್ಚು ಹಟವಲ್ಲ. ಹಿಂದಿರುಗಿದರೆ ಗೆಲ್ಲುವ ಅವಕಾಶ ಸೊನ್ನೆ ಎಂಬುದನ್ನು ಆ ಸಭೆಯಲ್ಲಿ ಸರಿಯಾಗಿ ಕಂಡವನು ಅವನೊಬ್ಬನೇ ಇರಬೇಕು.

ಪಡೆಯುವುದು ಬೇರೆ, ಉಳಿಸಿಕೊಳ್ಳುವುದು ಬೇರೆ

ಸರಿ, ಗೆದ್ದರೆಂದೇ ಇಟ್ಟುಕೊಳ್ಳೋಣ. ಆಮೇಲೆ? ಇದಕ್ಕೆ ಉತ್ತರ ಹುಡುಕಲು ಕಲ್ಪನೆ ಬೇಡ. ಪಟ್ಟ ಕಳೆದುಕೊಂಡ ಕ್ಯಾಥೊಲಿಕ್ ರಾಜವಂಶವೊಂದು ಅದನ್ನು ಮತ್ತೆ ಪಡೆದದ್ದು ನಿಜವಾಗಿಯೂ ನಡೆದಿದೆ, ಫ್ರಾನ್ಸಿನಲ್ಲಿ. ಕ್ರಾಂತಿಯಲ್ಲಿ ತಲೆ ಕಳೆದುಕೊಂಡ ಹದಿನಾರನೆಯ ಲೂಯಿಯ ತಮ್ಮ 1814ರಲ್ಲಿ ಹದಿನೆಂಟನೆಯ ಲೂಯಿ ಎಂಬ ಹೆಸರಿನಲ್ಲಿ ಹಿಂದಿರುಗಿ ಬಂದ. ಮರುವರ್ಷ ನೆಪೋಲಿಯನ್ ಮತ್ತೆ ಬಂದಾಗ ಓಡಿದ, ವಾಟರ್ಲೂ ನಂತರ ಮತ್ತೆ ಕುಳಿತ. ಅವನು ಬುದ್ಧಿವಂತ. ಕ್ರಾಂತಿಯ ಕಾಲದಲ್ಲಿ ಮಾರಾಟವಾದ ಚರ್ಚಿನ ಭೂಮಿಗಳನ್ನು ಕೊಂಡವರಿಂದ ಕಿತ್ತುಕೊಳ್ಳಲಿಲ್ಲ. ಶಾಸನಸಭೆ ಇರಲಿ ಎಂದ. 1824ರಲ್ಲಿ ಸತ್ತಾಗ ರಾಜನಾಗಿಯೇ ಸತ್ತ. ಅವನ ನಂತರ ಬಂದ ತಮ್ಮ ಹತ್ತನೆಯ ಚಾರ್ಲ್ಸ್ ಹಳೆಯದೆಲ್ಲವೂ ಹಳೆಯಂತೆಯೇ ಬೇಕೆಂದ. 1830ರ ಜುಲೈಯಲ್ಲಿ ಪತ್ರಿಕಾ ಸ್ವಾತಂತ್ರ್ಯ ಕಿತ್ತು, ಸಭೆಯನ್ನು ವಿಸರ್ಜಿಸಿದ. ಪ್ಯಾರಿಸ್ಸಿನ ಬೀದಿಗಳು ಮೂರು ದಿನಗಳಲ್ಲಿ ಅವನ ಆಳ್ವಿಕೆ ಮುಗಿಸಿದವು. ಒಂದೇ ಮನೆತನ, ಒಂದೇ ಮತ, ಒಂದೇ ದೇಶ. ಇಬ್ಬರು ಅಣ್ಣತಮ್ಮಂದಿರ ನಡತೆ ಬೇರೆಯಾದಾಗ ಫಲವೂ ಬೇರೆಯಾಯಿತು. ಇತಿಹಾಸದಲ್ಲಿ ಪ್ರಯೋಗಕ್ಕೆ ಇಷ್ಟು ಹತ್ತಿರವಾದದ್ದು ಅಪರೂಪ.

ಸ್ಟುವರ್ಟರ ಪಾಲಿಗೂ ಇದೇ ಪರೀಕ್ಷೆ ಕಾದಿರುತ್ತಿತ್ತು. ಇಂಗ್ಲೆಂಡಿನ ವರ್ತಕರೂ ಜಮೀನ್ದಾರರೂ ಸರ್ಕಾರಕ್ಕೆ ಸಾಲ ಕೊಟ್ಟು ಬಡ್ಡಿ ಪಡೆಯುತ್ತಿದ್ದರು. ಅವರನ್ನು ಓಡಿಸಿದ ಸಾಲವನ್ನು ಸ್ಟುವರ್ಟರು ತೀರಿಸುತ್ತಾರೆಯೇ? ಚಾರ್ಲ್ಸ್ ಎಡಿನ್‌ಬರೋದಿಂದ ಹೊರಡಿಸಿದ ಘೋಷಣೆಯಲ್ಲಿ ಯಾರ ಮತಕ್ಕೂ ತೊಂದರೆಯಿಲ್ಲ ಎಂದ. ಸಾಲದ ವಿಷಯದಲ್ಲಿ ಮಾತ್ರ ಪಾರ್ಲಿಮೆಂಟಿನ ಸಲಹೆ ಪಡೆಯುತ್ತೇನೆ ಎಂದಷ್ಟೇ ಹೇಳಿದ. ಹಣ ಕೊಟ್ಟವನಿಗೆ ಇಂಥ ಉತ್ತರದಿಂದ ನಿದ್ರೆ ಬರುತ್ತದೆಯೇ? ಮತದ ಭಯದಷ್ಟೇ ಹಣದ ಭಯವೂ ಹ್ಯಾನೋವರ್ ರಾಜರನ್ನು ಕಾಪಾಡಿತು.

ನಿಜವಾದ ಕವಲು

ಹಾಗಾದರೆ ಸ್ಟುವರ್ಟರಿಗೆ ಸಿಂಹಾಸನ ತೀರ ಹತ್ತಿರ ಬಂದದ್ದು ಯಾವಾಗ? ಡರ್ಬಿಯಲ್ಲಲ್ಲ, 1714ರಲ್ಲಿ ಎಂದು ಹೇಳಬೇಕಾಗುತ್ತದೆ. ಆಗ ಕತ್ತಿಯ ಅಗತ್ಯವೇ ಇರಲಿಲ್ಲ.

ಆನ್ ರಾಣಿ ಹದಿನೇಳು ಬಾರಿ ಗರ್ಭಿಣಿಯಾದರೂ ಅವಳ ಒಂದು ಮಗುವೂ ಉಳಿದಿರಲಿಲ್ಲ. ರೋಗದಿಂದ ನರಳುತ್ತಿದ್ದಳು. ರೋಮಿಗೆ ಹೋಗುವ ಮುನ್ನ ಲೊರೇನ್ ಪ್ರಾಂತದಲ್ಲಿದ್ದ ಜೇಮ್ಸ್ ಅವಳಿಗೆ ಮಲತಮ್ಮ. ಅಧಿಕಾರದಲ್ಲಿದ್ದವರು ಟೋರಿ ಪಕ್ಷದವರು. ಹ್ಯಾನೋವರಿನ ಜಾರ್ಜನಿಗೂ ಅವರಿಗೂ ಆಗಿಬರುತ್ತಿರಲಿಲ್ಲ. ಆ ವರ್ಷದ ಆರಂಭದಲ್ಲಿ ಮಂತ್ರಿಗಳಾದ ಹಾರ್ಲಿ ಮತ್ತು ಬೋಲಿಂಗ್‌ಬ್ರೂಕ್ ಗುಟ್ಟಾಗಿ ಜೇಮ್ಸನಿಗೆ ತಿಳಿಸಿದ್ದು ಒಂದೇ ಮಾತು: ಕ್ಯಾಥೊಲಿಕ್ ಮತವನ್ನು ಬಿಟ್ಟು ಬಾ.

ಹೀಗೆ ಮಾಡಿದವರು ಅವನ ಮನೆಯಲ್ಲೇ ಇದ್ದರು. ಫ್ರಾನ್ಸಿನ ನಾಲ್ಕನೆಯ ಹೆನ್ರಿ ಅವನ ಮುತ್ತಜ್ಜ. ಪ್ರಾಟೆಸ್ಟಂಟನಾಗಿದ್ದ ಹೆನ್ರಿ 1593ರಲ್ಲಿ ಕ್ಯಾಥೊಲಿಕನಾಗಿ ಮರುವರ್ಷ ಪ್ಯಾರಿಸ್ಸನ್ನು ಪಡೆದ. ಫ್ರಾನ್ಸಿನ ಉತ್ತಮ ರಾಜರಲ್ಲೊಬ್ಬನೆಂದು ಇಂದಿಗೂ ಹೆಸರಾಗಿದ್ದಾನೆ. ಆದರೆ ಮರಿಮಗ ಒಪ್ಪಲಿಲ್ಲ. ಸಿಂಹಾಸನಕ್ಕಾಗಿ ಮತ ಬಿಡಲಾರೆ ಎಂದ. ಆಗಸ್ಟ್ 1ರಂದು ಆನ್ ತೀರಿಕೊಂಡಳು. ಜಾರ್ಜ್ ಬಂದು ಕುಳಿತ.

ಜೇಮ್ಸ್ ಮಾಡಿದ್ದು ಸರಿಯೇ ತಪ್ಪೇ? ಓದುಗರು ತಮ್ಮ ತಮ್ಮ ಮನಸ್ಸಿನಂತೆ ತೀರ್ಮಾನಿಸಬಹುದು. ಅವನು ಸುಳ್ಳು ಹೇಳಿ ರಾಜನಾಗಬಹುದಿತ್ತು, ಆಗಲಿಲ್ಲ. ಇದು ಒಂದು ಮುಖ. ಅವನ ಆ ನಿಷ್ಠೆಯ ಬೆಲೆಯನ್ನು ಮುಂದೆ ತೆತ್ತವರು ಅವನಲ್ಲ, ಹೈಲ್ಯಾಂಡಿನ ಬಡ ರೈತರು. ಇದು ಇನ್ನೊಂದು ಮುಖ. ಮೂರನೆಯದೂ ಒಂದಿದೆ. ಅವನ ಮಗ ಚಾರ್ಲ್ಸ್ 1750ರಲ್ಲಿ ಗುಟ್ಟಾಗಿ ಲಂಡನ್ನಿಗೆ ಬಂದು, ತಂದೆ ಬಿಡದ ಮತವನ್ನು ಬಿಟ್ಟು ಇಂಗ್ಲೆಂಡಿನ ಚರ್ಚಿಗೆ ಸೇರಿದ. 36 ವರ್ಷ ತಡವಾಗಿತ್ತು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

ಕಲೋಡನ್ ಮತ್ತು ಅದರ ನಂತರ

ಡರ್ಬಿಯಿಂದ ಹಿಂದಿರುಗಿದ ಸೈನ್ಯದ ಕಥೆ 1746ರ ಏಪ್ರಿಲ್ 16ರಂದು ಇನ್‌ವರ್‌ನೆಸ್ ಬಳಿಯ ಕಲೋಡನ್ ಬಯಲಿನಲ್ಲಿ ಮುಗಿಯಿತು. ಹಿಂದಿನ ರಾತ್ರಿ ಶತ್ರುವಿನ ಮೇಲೆ ದಾಳಿ ಮಾಡಲು ನಡೆದು, ದಾರಿಯಲ್ಲೇ ಬೆಳಗಾಗುತ್ತದೆಂದು ಹಿಂದಿರುಗಿದ, ಹಸಿದ, ನಿದ್ರೆಗೆಟ್ಟ ಸೈನಿಕರು ಫಿರಂಗಿಗಳ ಮುಂದೆ ನಿಂತರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಗಾಯಗೊಂಡು ಬಿದ್ದವರನ್ನೂ ಕೊಲ್ಲಿಸಿದ ಕಂಬರ್ಲೆಂಡನಿಗೆ 'ಕಟುಕ' ಎಂಬ ಹೆಸರು ಅಂಟಿಕೊಂಡಿತು. ಕುಲದ ಮುಖಂಡರ ನ್ಯಾಯಾಧಿಕಾರ ರದ್ದಾಯಿತು, ಆಯುಧ ಕಿತ್ತುಕೊಂಡರು, ಹೈಲ್ಯಾಂಡಿನವರ ಚೌಕಳಿ ಉಡುಪನ್ನೇ ನಿಷೇಧಿಸಿದರು. 1782ರವರೆಗೆ ಆ ನಿಷೇಧವಿತ್ತು. ರಾಜನ ಸೈನ್ಯ ಸೇರಿದವರಿಗೆ ಮಾತ್ರ ಅದನ್ನು ಉಡಲು ಅನುಮತಿ!

ಚಾರ್ಲ್ಸನ ತಲೆಗೆ ಸರ್ಕಾರ ಕಟ್ಟಿದ ಬೆಲೆ 30,000 ಪೌಂಡ್. ಐದು ತಿಂಗಳು ಅವನು ಬೆಟ್ಟಗಳಲ್ಲಿ, ದ್ವೀಪಗಳಲ್ಲಿ ಅಡಗಿ ತಿರುಗಿದ. ಫ್ಲೋರಾ ಮ್ಯಾಕ್‌ಡೊನಾಲ್ಡ್ ಎಂಬ ಯುವತಿ ಅವನಿಗೆ ದಾಸಿಯ ವೇಷ ಹಾಕಿಸಿ ಸ್ಕೈ ದ್ವೀಪಕ್ಕೆ ದಾಟಿಸಿದಳು. ಹೊಟ್ಟೆಗಿಲ್ಲದ ಆ ನಾಡಿನಲ್ಲಿ ಎಷ್ಟೋ ಮಂದಿಗೆ ಅವನ ಗುರುತು ಸಿಕ್ಕಿತ್ತು. ಒಬ್ಬರೂ ಅವನನ್ನು ಹಿಡಿದುಕೊಟ್ಟು ಆ ಹಣ ಪಡೆಯಲಿಲ್ಲ.

ಇಲ್ಲಿಂದ ಒಂದು ಎಳೆ ಕನ್ನಡನಾಡಿಗೂ ಬಂದು ಮುಟ್ಟುತ್ತದೆ. ಚಾರ್ಲ್ಸನ ಪಕ್ಷ ಸೇರಿದ್ದ ಕ್ರೊಮಾರ್ಟಿಯ ಅರ್ಲ್ ಎಂಬವನ ಮಗ ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲಿಯಾಡ್, ಆಗ ಹದಿನೆಂಟರ ಹುಡುಗ. ತಂದೆಗೆ ಮರಣದಂಡನೆ ವಿಧಿಸಿ ಆಮೇಲೆ ತಲೆ ಉಳಿಸಿದರು; ಆಸ್ತಿ ಹೋಯಿತು. ಕ್ಷಮೆ ಪಡೆದ ಮಗ ಸ್ವೀಡನ್ನಿನ ಸೈನ್ಯ ಸೇರಿದ. ಮೂವತ್ತು ವರ್ಷಗಳ ನಂತರ ಹಿಂದಿರುಗಿ, ತಾನು ಯಾರ ವಿರುದ್ಧ ಬಂಡೆದ್ದಿದ್ದನೋ ಅದೇ ಹ್ಯಾನೋವರ್ ರಾಜನಿಗಾಗಿ ಹೈಲ್ಯಾಂಡಿನಲ್ಲಿ ದಂಡು ಕಟ್ಟಿದ. 1780ರ ಜನವರಿಯಲ್ಲಿ ಆ ದಂಡು ಮದರಾಸಿಗೆ ಬಂದಿಳಿಯಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಪಡೆಯನ್ನು ಧೂಳೀಪಟ ಮಾಡಿದಾಗ ಅದರಲ್ಲಿ ಈ ದಂಡಿನ ಎರಡು ತುಕಡಿಗಳೂ ಇದ್ದವು. ಸೆರೆಸಿಕ್ಕ ಕ್ಯಾಪ್ಟನ್ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಬಂಧನದಲ್ಲಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳೂ ಅವನೇ. ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧಚಿತ್ರ ನೋಡುವವರಿಗೆ, ಅದರಲ್ಲಿ ಕಲೋಡನ್ನಿನ ಸೋಲಿನ ನೆರಳೂ ಇದೆಯೆಂಬುದು ಹೊಳೆಯುವುದು ಕಷ್ಟ.

ಸ್ಟುವರ್ಟರು ಗೆದ್ದಿದ್ದರೆ ಈ ದಂಡು ಬರುತ್ತಿತ್ತೇ? ಲಂಡನ್ ಮತ್ತು ಪ್ಯಾರಿಸ್ ಸ್ನೇಹಿತರಾಗಿದ್ದರೆ 1746ರ ಸೆಪ್ಟೆಂಬರಿನಲ್ಲಿ ಫ್ರೆಂಚರು ಮದರಾಸನ್ನು ಹಿಡಿಯುತ್ತಿದ್ದರೇ, ಡೂಪ್ಲೆ ಮತ್ತು ಕ್ಲೈವ್ ಹೋರಾಡುತ್ತಿದ್ದರೇ, ಕೆನಡಾ ಫ್ರೆಂಚರ ಕೈಯಲ್ಲೇ ಉಳಿದು ಅದರ ಭಯದಿಂದ ಅಮೆರಿಕದ ವಸಾಹತುಗಳು ಬ್ರಿಟನ್ನಿನ ಸೆರಗು ಹಿಡಿದೇ ಇರುತ್ತಿದ್ದವೇ? ಹೀಗೆ ಕೇಳುತ್ತಾ ಹೋಗಬಹುದು. ಆದರೆ 0.7ರ ಲೆಕ್ಕವನ್ನು ಮರೆಯಬಾರದು. ಹತ್ತನೆಯ ಕೊಂಡಿಯ ಹೊತ್ತಿಗೆ ನೂರರಲ್ಲಿ ಮೂರರಷ್ಟೂ ಉಳಿದಿರುವುದಿಲ್ಲ. ಅಲ್ಲಿಂದ ಮುಂದೆ ಕಾದಂಬರಿಕಾರರ ಕ್ಷೇತ್ರ.

ನಡೆದದ್ದು ಇಷ್ಟು. ಚಾರ್ಲ್ಸ್ ಕುಡಿತಕ್ಕೆ ಬಿದ್ದು 1788ರಲ್ಲಿ ರೋಮಿನಲ್ಲಿ ತೀರಿಕೊಂಡ. 1766ರಲ್ಲಿ ತಂದೆ ಸತ್ತಾಗ ಅವನನ್ನು ರಾಜನೆಂದು ಒಪ್ಪಲು ಪೋಪರೂ ಸಿದ್ಧರಿರಲಿಲ್ಲ. ತಮ್ಮ ಹೆನ್ರಿ ಕ್ಯಾಥೊಲಿಕ್ ಕಾರ್ಡಿನಲ್ ಆಗಿದ್ದ. ನೆಪೋಲಿಯನ್ನನ ಯುದ್ಧಗಳಲ್ಲಿ ಎಲ್ಲವನ್ನೂ ಕಳೆದುಕೊಂಡ ಆ ಮುದುಕನಿಗೆ 1800ರಲ್ಲಿ ವರ್ಷಕ್ಕೆ 4,000 ಪೌಂಡ್ ಕೊಡಲಾರಂಭಿಸಿದವನು ಹ್ಯಾನೋವರ್ ವಂಶದ ಮೂರನೆಯ ಜಾರ್ಜ್! 1807ರಲ್ಲಿ ಹೆನ್ರಿಯೊಂದಿಗೆ ಆ ಶಾಖೆ ಮುಗಿಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಕ್ಕೆ ಬಂದಾಗ, ಅವನ ಅಜ್ಜನ ತಂದೆಯ ಕಾಲದಲ್ಲಿ ನಿಷೇಧಿಸಿದ ಅದೇ ಚೌಕಳಿ ಉಡುಪನ್ನು ಉಟ್ಟು ಮೆರೆದ. ಹೆದರಿಕೆ ಹೋದ ಮೇಲೆ ವೈರಿಯ ಬಟ್ಟೆಯೂ ಅಲಂಕಾರವಾಗುತ್ತದೆ.

1701ರ ಕಾನೂನು ಮಾತ್ರ ಪೂರ್ತಿ ಹೋಗಿಲ್ಲ. ಕ್ಯಾಥೊಲಿಕರನ್ನು ಮದುವೆಯಾದವರೂ ಪಟ್ಟಕ್ಕೆ ಬರಬಹುದೆಂದು 2013ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ತಿದ್ದಿತು. 2015ರಲ್ಲಿ ಅದು ಜಾರಿಗೆ ಬಂತು. ಆದರೆ ಸ್ವತಃ ಕ್ಯಾಥೊಲಿಕರಾದವರು ಇಂದಿಗೂ ಆ ಸಿಂಹಾಸನ ಏರುವಂತಿಲ್ಲ. ಮೂರು ಶತಮಾನಗಳ ಹಿಂದೆ ಜೇಮ್ಸನ ಮುಂದೆ ಇಟ್ಟ ಷರತ್ತು ಹಾಗೆಯೇ ಇದೆ.